ಸ್ಕ್ಯಾನಿಂಗ್ ಮೇಡಂ ನಮ್ಮ ಮನೆ ಮೆಟ್ಟಿಲು ಹತ್ತಿದ ದಿನ

ನಮ್ಮ ಮೇಡಂ ತೀರಿಕೊಂಡ ಸುದ್ದಿ ಬಂದಾಗ ನನ್ನ ಎರಡೂ ಕೈ ನೆನೆಸಿದ ಅವರೆಕಾಳಿನ ಪಾತ್ರೆಯಲ್ಲಿದ್ದವು. ಹಿತಕಿದ ಬೇಳೆ ಸಾರು ಮಾಡುವವಳಿದ್ದೆ. ಸಿಪ್ಪೆ ಅಂಟಿದ ಬೆರಳಲ್ಲೇ ಮೊಬೈಲ್ ಒರೆಸಿಕೊಂಡು ಓದಿದೆ, ಮತ್ತೊಮ್ಮೆ ಓದಿದೆ. ಕಾಂಪೌಂಡಿನ ಆಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯವರಿಗೆ ಹೇಳಿದರೆ, "ಯಾರು, ಸುಂಕದಕಟ್ಟೆ ಸ್ಕ್ಯಾನಿಂಗ್ ಡಾಕ್ಟ್ರಾ? ಆ ಬೈಯೋರಾ?" ಎಂದರು.

"ಹೂಂ, ಅವರೇ," ಎಂದೆ.

ಬೈಯುತ್ತಿದ್ದದ್ದು ನಿಜ. ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಸೆಂಟರ್. ಅಲ್ಲಿ ಕೌಂಟರಿನಲ್ಲಿ ಕೂತು ಹೆಸರು ಕರೆಯುವುದು, ಬಂದವರಿಗೆ ನೀರು ಕುಡಿಸುವುದು, ರಿಪೋರ್ಟು ಕೊಡುವುದು ನನ್ನ ಕೆಲಸ. ಮಗ ಹೈಸ್ಕೂಲಿಗೆ ಹೋಗುವಾಗ ಸೇರಿದವಳು, ಮೇಡಂ ಸೆಂಟರನ್ನು ಬೇರೆಯವರಿಗೆ ವಹಿಸಿಕೊಡುವ ತನಕ ಇದ್ದೆ. ಬೆಳಗಿನಿಂದ ಕೆಳಗಿನ ಬೇಕರಿಯ ಬನ್ನಿನ ವಾಸನೆ ಮೇಲಕ್ಕೆ ಬರುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಬಂದು ಕೂತವರಿಗೆ ಅದೊಂದು ಹಿಂಸೆ. ಇನ್ನು ಕೆಳಹೊಟ್ಟೆ ಸ್ಕ್ಯಾನಿಗೆ ಬಂದ ಹೆಂಗಸರು ಬಾಟಲಿಗಟ್ಟಲೆ ನೀರು ಕುಡಿದು, ಕಾಲ ಮೇಲೆ ಕಾಲು ಹಾಕಿ ಕೂತು ಒದ್ದಾಡುತ್ತಿದ್ದರು.

"ತಡ್ಕೊಳ್ಳಕ್ಕಾಗ್ತಿಲ್ಲ ಮೇಡಂ."

"ತಡ್ಕೊಂಡ್ರೆ ತಾನೇ ನಂಗೆ ಕಾಣೋದು? ಲಲಿತಾ, ಇವರಿಗೆ ಇನ್ನೊಂದು ಗ್ಲಾಸ್ ಕೊಡು."

ಗಂಡೋ ಹೆಣ್ಣೋ ಎಂದು ಕೇಳುವುದು ಅಪರಾಧ ಎಂದು ಗೋಡೆಯ ತುಂಬ ಬರೆಸಿದ್ದರೂ ಕೇಳುವವರು ಕೇಳುತ್ತಿದ್ದರು. ಒಬ್ಬ ಅತ್ತೆ ಒಂದು ಡಬ್ಬಿ ಸಿಹಿ ಹಿಡಿದು ಒಳಗೇ ನುಗ್ಗಿ, "ಬಾಯಿ ಬಿಟ್ಟು ಏನೂ ಹೇಳ್ಬೇಡಿ ಡಾಕ್ಟ್ರೇ, ಲಾಡು ಎತ್ಕೊಳ್ತೀರೋ ಪೇಡ ಎತ್ಕೊಳ್ತೀರೋ ಅಷ್ಟು ಸಾಕು," ಎಂದರು. ಮೇಡಂ ಇಡೀ ಡಬ್ಬಿಯನ್ನೇ ಎತ್ತಿಕೊಂಡು ಹೊರಗೆ ಬಂದರು. ಕಾಯುತ್ತಿದ್ದವರಿಗೆಲ್ಲ ಲಾಡು, ಪೇಡ ಹಂಚಿಸಿದರು. ಖಾಲಿ ಡಬ್ಬಿಯನ್ನು ಆ ಅತ್ತೆಯ ಕೈಗೆ ಕೊಟ್ಟು, "ಮಗೂಗೂ ತಾಯಿಗೂ ಒಳ್ಳೇದಾಗ್ಲಿ ಅಂತ ಎಲ್ಲರೂ ಬಾಯಿ ಸಿಹಿ ಮಾಡ್ಕೊಂಡಿದಾರೆ. ಇನ್ನೊಂದ್ಸಲ ಕೇಳಿದ್ರೆ ಪೊಲೀಸ್‌ಗೆ ಫೋನ್ ಮಾಡ್ತೀನಿ," ಎಂದರು.

ಸ್ಕ್ಯಾನ್ ಮುಗಿದು, "ಎಲ್ಲಾ ನಾರ್ಮಲ್ಲಾ ಮೇಡಂ?" ಎಂದು ಕೇಳಿದವರಿಗೆ ಹೌದು ಎಂಬ ಉತ್ತರ ಎಂದೂ ಸಿಕ್ಕಿದ್ದಿಲ್ಲ. "ನಾನು ನೋಡಿದಷ್ಟರಲ್ಲಿ ಏನೂ ಕಾಣ್ಲಿಲ್ಲ. ನೋಡದೆ ಇರೋದು ನಂಗೊತ್ತಿಲ್ಲ." ಜನಕ್ಕೆ ಇದು ಹಿಡಿಸುತ್ತಿರಲಿಲ್ಲ. ಮುಂದಿನ ಸ್ಟಾಪಿನ ಸೆಂಟರಿನಲ್ಲಿ ನಗುನಗುತ್ತಾ ನಾರ್ಮಲ್ ಅಂತ ಹೇಳಿ ಕಳಿಸುತ್ತಾರೆ ಎಂದು ನನ್ನ ಹತ್ತಿರ ಗೊಣಗಿಕೊಂಡು ಹೋಗುತ್ತಿದ್ದರು.

ಅವರ ಬಲಭುಜ ಹೋಗಿತ್ತು. ದಿನವಿಡೀ ಆ ಮೆಷಿನ್ನಿನ ಗುಂಡನ್ನು ಜನರ ಹೊಟ್ಟೆಗೆ ಒತ್ತಿ ಹಿಡಿದು ಹಿಡಿದು ಸಂಜೆಯ ಹೊತ್ತಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದೂ ಎಡಗೈಯಲ್ಲಿ. ಹಾಗಿದ್ದರೂ ಕೊನೆಯ ರೋಗಿ ಹೋದ ಮೇಲೆ ಮನೆಗೆ ಹೋಗುವವರಲ್ಲ. ಭುಜಕ್ಕೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು, ಒಂದು ಲೋಟ ಟೀ, ಕೆಳಗಿನ ಬೇಕರಿಯ ಕಾಂಗ್ರೆಸ್ ಕಡ್ಲೆಕಾಯಿ ಒಂದು ಪೊಟ್ಟಣ ಮುಂದಿಟ್ಟುಕೊಂಡು, ಆ ದಿನ ಉಳಿಸಿಟ್ಟ ಚಿತ್ರಗಳನ್ನೆಲ್ಲ ಮೊದಲಿನಿಂದ ಮತ್ತೆ ನೋಡುತ್ತಿದ್ದರು. ಇದೇನು ಮೇಡಂ, ಆಗಲೇ ನೋಡಿದ್ದೀರಲ್ಲ ಎಂದು ಒಮ್ಮೆ ಕೇಳಿದ್ದೆ.

"ರೋಗಿ ಎದುರಿಗಿದ್ದಾಗ ಮುಖ ನೋಡ್ತೀವಿ ಕಣೇ. ಹೋದ ಮೇಲೇ ಹೊಟ್ಟೆ ಕಾಣೋದು."

ಹಾಗೆ ನೋಡುವಾಗ ಎಲ್ಲೋ ಅನುಮಾನ ಬಂದರೆ ಮರುದಿನ ಬೆಳಿಗ್ಗೆ ನನ್ನ ಕೈಯಲ್ಲಿ ಫೋನ್ ಮಾಡಿಸುತ್ತಿದ್ದರು, ಮತ್ತೆ ಬಂದು ಮಲಗಿ ಎಂದು.

ಇನ್ನು ಶೈಲಾ ವಿಷಯ ಹೇಳಬೇಕು. ಶೈಲಾ ನನ್ನ ವಾರಗಿತ್ತಿ, ಮೈದುನ ಮಂಜುವಿನ ಹೆಂಡತಿ. ರಾಣೆಬೆನ್ನೂರಿನ ಹುಡುಗಿ. ಶ್ರೀಗಂಧದ ಕಾವಲಿನಲ್ಲಿ ನಾವು ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಅವಳ ಮದುವೆಯಾಗಿ ಮೂರು ವರ್ಷ. ಮಕ್ಕಳಾಗಿರಲಿಲ್ಲ. ಅತ್ತೆಗೆ ಮಂಡಿನೋವು ಜಾಸ್ತಿಯಾಗಿ ದೇವರ ಮನೆಯ ದೀಪ ಅವಳ ಪಾಲಿಗೆ ಬಂದಿತ್ತು. ಅವಳು ಅದನ್ನು ಬಹಳ ಮನಸ್ಸಿಟ್ಟು ಮಾಡುತ್ತಿದ್ದಳು. ಹೊಸ ಮನೆಯಲ್ಲಿ ಆರು ತಿಂಗಳು ಕಳೆಯುವಷ್ಟರಲ್ಲಿ ಊಟ ಸೇರುತ್ತಿಲ್ಲ, ಹೊಟ್ಟೆ ಬಿಗಿಯುತ್ತದೆ ಎನ್ನತೊಡಗಿದಳು. ಬಲಗಡೆ ಪಕ್ಕೆಯ ಕೆಳಗೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ನೈಟಿಯ ಒಳಗೆ ಹೊಟ್ಟೆ ತುಸು ಮುಂದೆ ಬಂದದ್ದು ಮೊದಲು ಕಂಡಿದ್ದು ಅತ್ತೆಗೆ. ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, "ಎರಡು ತಿಂಗಳಿಂದ ಹೊರಗಾಗಿಲ್ಲ ಕಣೇ ಅವಳು. ಯಾರಿಗೂ ಹೇಳ್ಬೇಡ, ದೃಷ್ಟಿಯಾಗುತ್ತೆ. ನಿಮ್ಮ ಡಾಕ್ಟ್ರ ಹತ್ರ ಒಂದ್ಸಲ ತೋರಿಸ್ಕೊಂಡು ಬಾ," ಎಂದರು. ಮುಖದಲ್ಲಿ ಬೆಳಕು.

ಶನಿವಾರ ಕರೆದುಕೊಂಡು ಹೋದೆ. ಆವತ್ತು ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರೆಂಟು ಬೇರೆ ಹೋಗಿ ಬಂದು ಮಾಡುತ್ತಿತ್ತು. ಮೇಡಂ ಶೈಲಾಳನ್ನು ನೋಡಿದರು. ಮಗು ಇಲ್ಲ. ಹೊಟ್ಟೆಯಲ್ಲಿ ಸ್ವಲ್ಪ ನೀರಿದೆ, ಲಿವರ್ ಊದಿದೆ, ರಕ್ತ ಪರೀಕ್ಷೆ ಮಾಡಿಸಿ ಫಿಸಿಶಿಯನ್‌ಗೆ ತೋರಿಸಿ ಎಂದು ಬರೆದುಕೊಟ್ಟರು. ಮುಂದಿನವರನ್ನು ಕರೆಯಲು ಹೇಳಿದರು. ಸಂಜೆ ಭುಜದ ನೋವಿಗೆ ಕಣ್ಣಲ್ಲಿ ನೀರು ಬಂದು, ಟೀ ಕೂಡ ಕುಡಿಯದೆ ಮನೆಗೆ ಹೊರಟುಹೋದರು.

ಭಾನುವಾರ ಶೈಲಾಳ ಕಣ್ಣಿನ ಬಿಳಿಯಲ್ಲಿ ಹಳದಿ ಕಂಡಿತು. ಅತ್ತೆಯ ಮುಖದ ಬೆಳಕು ಆಗಲೇ ಆರಿಹೋಗಿತ್ತು. "ಕಾಮಾಲೆ. ಇಂಗ್ಲಿಷ್ ಔಷಧಿ ಆಗಲ್ಲ ಇದಕ್ಕೆ. ಮಾಗಡಿ ಕಡೆ ಒಬ್ರು ನಾಟಿ ಔಷಧಿ ಕೊಡ್ತಾರೆ, ಸೋಮವಾರ ಖಾಲಿ ಹೊಟ್ಟೇಲಿ ಹೋಗ್ಬೇಕು," ಎಂದರು. ಮೊದಲು ರಕ್ತ ಪರೀಕ್ಷೆ ಮಾಡಿಸೋಣ ಎಂದು ನಾನೂ ಹೇಳಿದೆ. "ಔಷಧಿ ಕೊಟ್ಮೇಲೆ ಮಾಡಿಸಿದ್ರಾಯ್ತು ಬಿಡಿ ಅತ್ತಿಗೆ," ಎಂದ ಮಂಜು. ಸೋಮವಾರ ನಾನು ರಜ ಹಾಕಿದೆ. ಬೆಳಿಗ್ಗೆ ಕಾರು ಬಂದು ಬಾಗಿಲಲ್ಲಿ ನಿಂತಿತು. ಅತ್ತೆ ಎಲೆ, ಅಡಿಕೆ, ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡರು. ಶೈಲಾ ಕುರ್ಚಿಯಲ್ಲಿ ಕೂತು ಚಪ್ಪಲಿಯ ಬಕಲ್ ಹಾಕಲು ಬಗ್ಗಲಾರದೆ ಬಗ್ಗುತ್ತಿದ್ದಳು. ಆಗ ಕೆಳಗೆ ಆಟೋ ನಿಂತ ಸದ್ದಾಯಿತು.

ಮೇಡಂ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬಲಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಎಡಗೈಯಲ್ಲಿ ಕಂಬಿ ಹಿಡಿದು, ಏದುಸಿರು ಬಿಡುತ್ತಾ. ಅಷ್ಟು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದದ್ದೇ ಇಲ್ಲ. ಗೃಹಪ್ರವೇಶಕ್ಕೂ ಬಂದಿರಲಿಲ್ಲ.

"ಫೋನ್ ಯಾಕೆ ಎತ್ತಲ್ಲ ನೀನು?"

ಫೋನು ಒಳಗೆ ಚಾರ್ಜಿಗಿತ್ತು. ನಾನು ಏನೋ ಹೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಶೈಲಾಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಕಾಲಿನ ಮೇಲೆ ಬೆರಳೊತ್ತಿ ನೋಡಿದರು. ಆಮೇಲೆ ನೇರ ಅತ್ತೆಯ ಕಡೆ ತಿರುಗಿದರು.

"ಅಮ್ಮ, ಶನಿವಾರ ನಾನು ಸರಿಯಾಗಿ ನೋಡ್ಲಿಲ್ಲ."

"ಸರಿಯಾಗಿ ನೋಡ್ಲಿಲ್ಲ ಅಂದ್ರೆ?" ಎಂದ ಮಂಜು.

"ಮಗು ಇದೆಯಾ ನೋಡಿ ಅಂದ್ರಿ. ನಾನೂ ಅದನ್ನೇ ನೋಡಿದೆ. ಲಿವರ್‌ನ ಬಣ್ಣ ಹಾಕಿ ನೋಡ್ಬೇಕಿತ್ತು. ಹಾಕ್ಲಿಲ್ಲ. ಇವತ್ತು ಬೆಳಿಗ್ಗೆ ಶನಿವಾರದ ಚಿತ್ರ ತೆಗೆದು ನೋಡಿದ್ರೆ ಇರಬೇಕಾದ ನರಗಳೇ ಕಾಣ್ತಿಲ್ಲ. ಈಗಲೇ ಬರಬೇಕು."

"ನಾವು ಔಷಧಿಗೆ ಹೊರಟಿದೀವಲ್ಲ," ಎಂದರು ಅತ್ತೆ, ಚೀಲವನ್ನು ಬಿಗಿಯಾಗಿ ಹಿಡಿದುಕೊಂಡು. "ಒಂದು ವಾರ ನೋಡಿ ಆಮೇಲೆ—"

"ಒಂದು ವಾರ ಇಲ್ಲ ಅಮ್ಮ ಇವಳ ಹತ್ರ."

ಗದರಿಸಿದ ಧ್ವನಿಯಲ್ಲ ಅದು. ಗದರಿಸಿದ್ದರೆ ಅತ್ತೆ ತಿರುಗಿ ಜಗಳಕ್ಕೆ ನಿಲ್ಲುತ್ತಿದ್ದರು. ಮಾಗಡಿಯ ದಾರಿ ಹಿಡಿಯಬೇಕಿದ್ದ ಕಾರು ಸುಂಕದಕಟ್ಟೆಗೆ ತಿರುಗಿತು.

ಬಣ್ಣ ಹಾಕುವುದು ಎಂದರೆ ಮೆಷಿನ್ನಿನಲ್ಲಿ ಒಂದು ಗುಂಡಿ. ಅದನ್ನು ಒತ್ತಿದರೆ ಹರಿಯುವ ರಕ್ತ ಕೆಂಪಾಗಿಯೋ ನೀಲಿಯಾಗಿಯೋ ಕಾಣುತ್ತದೆ. ಬಾಗಿಲ ಬಳಿ ನಿಂತು ನಾನು ಎಷ್ಟೋ ಸಲ ನೋಡಿದ್ದೇನೆ. ಶೈಲಾಳ ಲಿವರಿನಲ್ಲಿ ಮೇಡಂ ಎಲ್ಲಿ ಹುಡುಕಿದರೂ ಕಪ್ಪು. ಉಸಿರು ಹಿಡಿ ಎಂದರು, ಬಿಡು ಎಂದರು, ಪಕ್ಕಕ್ಕೆ ತಿರುಗು ಎಂದರು. ಭುಜದ ನೋವಿಗೆ ಅವರ ಹಣೆಯ ಮೇಲೆ ಬೆವರಿತ್ತು. ಕೈ ಮಾತ್ರ ಅಲುಗಲಿಲ್ಲ. ಒಂದು ಕಡೆ, ಬಹಳ ಸಣ್ಣಗೆ, ದಾರದೆಳೆಯಷ್ಟು ನೀಲಿ ಮಿನುಗಿ ಹೋಯಿತು. ಅಲ್ಲೇ ನಿಲ್ಲಿಸಿದರು.

"ನೋಡಮ್ಮ, ಲಿವರ್‌ಗೆ ಬಂದ ರಕ್ತ ಮೂರು ದೊಡ್ಡ ನರಗಳಲ್ಲಿ ಹೊರಗೆ ಹೋಗಿ ಹೃದಯದ ದಾರಿ ಹಿಡೀಬೇಕು. ನಿಂದು ಎರಡು ಪೂರಾ ಮುಚ್ಚಿದೆ. ಮೂರನೇದು ಬಾಯಿ ಹತ್ರ ಕಟ್ಟಿಕೊಂಡಿದೆ. ರಕ್ತ ಬರ್ತಾ ಇದೆ, ಹೋಗಕ್ಕೆ ದಾರಿ ಇಲ್ಲ. ಅದಕ್ಕೇ ಲಿವರ್ ಊದಿದೆ, ಅದಕ್ಕೇ ಹೊಟ್ಟೇಲಿ ನೀರು." ಆಮೇಲೆ ಮಂಜುವನ್ನು ಹೊರಗೆ ಕಳಿಸಿ ಕೇಳಿದರು. "ಯಾವ ಮಾತ್ರೆ ತಗೋತಿದೀಯ ನೀನು?"

"ಏನಿಲ್ರಿ."

"ತಿಂಗಳಿಂದು ಮುಂದಕ್ಕೆ ಹಾಕೋ ಮಾತ್ರೆ?"

ಶೈಲಾ ನನ್ನ ಮುಖ ನೋಡಿದಳು. "ಅಕ್ಕಾರ, ಅತ್ತಿಯವ್ರಿಗೆ ಹೇಳಬ್ಯಾಡ್ರಿ."

ಗೃಹಪ್ರವೇಶಕ್ಕೆ ಒಮ್ಮೆ ತಗೊಂಡಿದ್ದು ನನಗೆ ಗೊತ್ತಿತ್ತು. ಪೂಜೆ, ಮದುವೆ, ಮನೆದೇವರು ಎಂದರೆ ನಮ್ಮ ಕಡೆ ಯಾವ ಹೆಂಗಸು ತಗೊಂಡಿಲ್ಲ? ಮೆಡಿಕಲ್ ಸ್ಟೋರಿನವನು ಚೀಟಿಯನ್ನೂ ಕೇಳುವುದಿಲ್ಲ. ಆದರೆ ಇವಳು ಅಲ್ಲಿಗೆ ನಿಲ್ಲಿಸಿರಲಿಲ್ಲ. ಮಗುವಾಗಲಿ ಎಂದು ಒಂದು ಮಂಡಲ ದೀಪ ಹಚ್ಚುವ ಹರಕೆ ಹೊತ್ತಿದ್ದಳು. ನಡುವೆ ಮುಟ್ಟಾದರೆ ದೀಪ ತಪ್ಪುತ್ತದೆ. ಒಂದು ಮಂಡಲ ಮುಗಿದ ಮೇಲೆ ಇನ್ನೊಂದು ಹಿಡಿದಿದ್ದಳು.

"ದೀಪಾ ತಪ್ಪಬಾರ್ದಂತ ತಗೊಂಡೇನ್ರಿ. ಕೂಸಿನ ಸಲುವಾಗಿ," ಎಂದಳು.

ಮಗುವಿಗಾಗಿ ದೀಪ, ದೀಪಕ್ಕಾಗಿ ಮುಟ್ಟು ನಿಲ್ಲಿಸುವ ಮಾತ್ರೆ. ನಾನು ಮೇಡಂ ಮುಖ ನೋಡಿದೆ. ಈಗ ಬೈಯುತ್ತಾರೆ, ಗೋಡೆ ಅದುರುವಂತೆ ಬೈಯುತ್ತಾರೆ ಎಂದುಕೊಂಡೆ. ಅವರು ಶೈಲಾಳ ಕೆನ್ನೆಯ ಮೇಲಿದ್ದ ಕೂದಲನ್ನು ಎಡಗೈಯಿಂದ ಹಿಂದೆ ಸರಿಸಿದರು.

"ಮಾತ್ರೆಯಿಂದಲೇ ಆಯ್ತು ಅಂತ ನಾನು ಹೇಳಲ್ಲ. ರಕ್ತ ಬೇಗ ಹೆಪ್ಪುಗಟ್ಟೋ ಗುಣ ನಿನ್ನಲ್ಲೇ ಇರಬಹುದು, ಅದಕ್ಕೂ ಪರೀಕ್ಷೆ ಇದೆ. ಆದ್ರೆ ಇವತ್ತಿಂದ ಆ ಮಾತ್ರೆ ಮುಟ್ಟಬೇಡ."

ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸೋಣ ಎಂದ ಮಂಜು. ಬೇಡವೇ ಬೇಡ ಎಂದರು. ಅಲ್ಲಿ ನೀರು ತೆಗೆದು ಮನೆಗೆ ಕಳಿಸುತ್ತಾರೆ, ನೀರು ಮತ್ತೆ ತುಂಬುತ್ತದೆ, ಅಷ್ಟರಲ್ಲಿ ಆ ಮೂರನೆಯದೂ ಮುಚ್ಚುತ್ತದೆ. ಊರಿನ ಇನ್ನೊಂದು ತುದಿಯಲ್ಲಿದ್ದ ಲಿವರ್ ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. ಆ ಕಡೆಯವರು ನಾಳೆ ಒಪಿಡಿಗೆ ಬರಲಿ ಎಂದರೆಂದು ಕಾಣುತ್ತದೆ. "ನಾಳೆ ಅಲ್ಲ, ಈಗ ಕಾರಲ್ಲಿ ಕೂತಿದಾಳೆ," ಎಂದು ಫೋನ್ ಇಟ್ಟರು. ಅವಳಿನ್ನೂ ಮಂಚದ ಮೇಲೇ ಇದ್ದಳು.

ಆಸ್ಪತ್ರೆಯಲ್ಲಿ ಸಿ.ಟಿ. ತೆಗೆದು ಅದನ್ನೇ ಹೇಳಿದರು. ರಕ್ತ ತೆಳುವಾಗಿಸುವ ಇಂಜೆಕ್ಷನ್ ಶುರುವಾಯಿತು. ಹೊಟ್ಟೆಯ ನೀರು ಇಳಿಯಲು ಮಾತ್ರೆ, ಉಪ್ಪಿಲ್ಲದ ಊಟ. ನಾನು ಉಪ್ಪು ಹಾಕದ ಬೇಳೆಕಟ್ಟು, ಮೆತ್ತಗಿನ ಅನ್ನ ಮಾಡಿಕೊಂಡು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಎರಡು ತುತ್ತು ತಿಂದು, "ಸಾಕ್ರೀ ಅಕ್ಕಾರ, ಸಪ್ಪಗೈತಿ," ಎಂದು ಡಬ್ಬಿ ಸರಿಸುತ್ತಿದ್ದಳು. ಸೂಜಿ ಹಾಕಿ ನೀರು ತೆಗೆದರು. ಮೂರನೆಯ ದಿನಕ್ಕೆ ಹೊಟ್ಟೆ ಮತ್ತೆ ತಮಟೆಯಾಯಿತು. ಮೂತ್ರ ಕಡಿಮೆಯಾಯಿತು. ಇಂಜೆಕ್ಷನ್ ಒಂದೇ ಸಾಲದು, ದಾರಿ ಬಿಡಿಸಬೇಕು ಎಂದರು. ಕತ್ತಿನ ನರದಿಂದ ಸಣ್ಣ ತಂತಿ ಇಳಿಸಿ, ಕಟ್ಟಿಕೊಂಡಿರುವ ಆ ಮೂರನೆಯ ನರವನ್ನು ಬಲೂನಿನಿಂದ ಅಗಲ ಮಾಡಿ ಸ್ಟೆಂಟ್ ಕೂರಿಸುವುದು. ತಂತಿ ತೂರದಿದ್ದರೆ ಲಿವರಿನೊಳಗೇ ಹೊಸ ದಾರಿ ಕೊರೆಯುವುದು. ಅದೂ ಆಗದಿದ್ದರೆ ಬೇರೆ ಲಿವರ್. ಮಂಜು ಆಗಲೇ ತನ್ನ ರಕ್ತ ಕೊಟ್ಟು ಬಂದಿದ್ದ, ಹೊಂದುತ್ತದೋ ನೋಡಲು.

ಅವಳನ್ನು ಒಳಗೆ ಕರೆದುಕೊಂಡು ಹೋದ ಮಧ್ಯಾಹ್ನ ಮೇಡಂ ಬಂದರು. ಸೆಂಟರಿಗೆ ಬೀಗ ಹಾಕಿ ಬಂದಿದ್ದರು. ಕಾಯುವ ಕುರ್ಚಿಗಳ ಸಾಲಿನಲ್ಲಿ ಅತ್ತೆಯ ಪಕ್ಕ ಕೂತರು. ಅತ್ತೆಗೆ ಅಷ್ಟರಲ್ಲಿ ಮಾತ್ರೆಯ ವಿಷಯ ಗೊತ್ತಾಗಿತ್ತು; ಆಸ್ಪತ್ರೆಯವರು ಎಲ್ಲರೆದುರೇ ಕೇಳಿದ್ದರು. "ಕುಂಟ್ಕೊಂಡಾದ್ರೂ ನಾನೇ ಹಚ್ತಿದ್ದೆ," ಎಂದು ಅತ್ತೆ ಯಾರಿಗೂ ಅಲ್ಲದಂತೆ ಹೇಳಿಕೊಂಡರು. "ಒಂದ್ಮಾತು ಹೇಳಿದ್ರೆ ಸಾಕಿತ್ತು."

ಮಂಜು ಎದ್ದು ಅತ್ತಿಂದಿತ್ತ ಓಡಾಡುತ್ತಿದ್ದವನು ಮೇಡಂ ಮುಂದೆ ಬಂದು ನಿಂತ.

"ಒಂದು ಕೇಳ್ತೀನಿ. ಶನಿವಾರನೇ ನೀವು ಸರಿಯಾಗಿ ನೋಡಿದ್ರೆ ಇಷ್ಟೆಲ್ಲ ಆಗ್ತಿತ್ತಾ?"

"ಮಂಜು, ಸುಮ್ನಿರೋ," ಎಂದೆ.

ಮೇಡಂ ನನ್ನ ಕೈ ಒತ್ತಿ ಸುಮ್ಮನಿರಿಸಿದರು. "ಕೇಳ್ಲಿ ಬಿಡು. ಎರಡು ದಿನ ಉಳೀತಿತ್ತಪ್ಪ. ಆ ಎರಡು ದಿನದಲ್ಲಿ ಎಷ್ಟು ಕೆಟ್ಟಿತು ಅಂತ ನಂಗೊತ್ತಿಲ್ಲ. ಏನೂ ಕೆಟ್ಟಿಲ್ಲ ಅಂತ ಹೇಳಕ್ಕೆ ನನ್ನಿಂದ ಆಗಲ್ಲ."

ಜನ ಜಾಸ್ತಿ ಇದ್ದರು ಎನ್ನಲಿಲ್ಲ. ಕರೆಂಟು ಹೋಗಿತ್ತು, ಭುಜ ನೋಯುತ್ತಿತ್ತು, ನೀವು ಕೇಳಿದ್ದೇ ಬೇರೆ, ಅದರ ಮೇಲೆ ಫಿಸಿಶಿಯನ್‌ಗೆ ತೋರಿಸಿ ಎಂದು ಬರೆದುಕೊಟ್ಟಿದ್ದೆ ಎನ್ನಲಿಲ್ಲ. ಎಲ್ಲವೂ ನಿಜವಾಗಿತ್ತು, ಎಲ್ಲದಕ್ಕೂ ನಾನು ಸಾಕ್ಷಿ. ಮಂಜು ಬೈಗುಳಕ್ಕೆ ತಯಾರಾಗಿ ಬಂದಿದ್ದವನು ಬೈಯಲು ಏನೂ ಸಿಗದೆ, ಅವರ ಎದುರಿನ ಕುರ್ಚಿಯಲ್ಲಿ ಕುಸಿದು ಕೂತು ಅತ್ತ. ಮೇಡಂ ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಲ್ಲೇ ಇದ್ದರು.

ಸಂಜೆಯಾಗುತ್ತಾ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಮೊದಲು ತಂತಿ ತೂರಲಿಲ್ಲವಂತೆ. ಕೈಬಿಡುವ ಹೊತ್ತಿಗೆ ಒಂದು ಕೂದಲೆಳೆಯಷ್ಟು ಸಂದಿನಲ್ಲಿ ನುಸುಳಿತಂತೆ. ಸ್ಟೆಂಟ್ ಕೂತಿದೆ, ರಕ್ತ ಹರಿಯುತ್ತಿದೆ ಎಂದರು. ಅತ್ತೆ ಕೈ ಮುಗಿದರು. ಮೇಡಂ ಆ ಡಾಕ್ಟರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಬಂದು, "ಇದು ಮತ್ತೆ ಮುಚ್ಕೋಬಹುದು. ಈ ವರ್ಷ ಪೂರಾ ಹುಷಾರಾಗಿರ್ಬೇಕು," ಎಂದು ಹೇಳಿ ಆಟೋ ಹುಡುಕಿಕೊಂಡು ಹೋದರು. ಆ ಹೊತ್ತಿನಲ್ಲಿ ಅದನ್ನು ಹೇಳಬೇಕಿತ್ತೇ ಎಂದು ಮಂಜು ಗೊಣಗಿದ.

ಹೇಳಬೇಕಿತ್ತು. ಆ ಮಾತಿನಿಂದಲೇ ನಾವು ಹುಷಾರಾದೆವು. ರಕ್ತ ತೆಳುವಾಗಿಸುವ ಮಾತ್ರೆಯನ್ನು ದಿನಾ ಒಂದೇ ಹೊತ್ತಿಗೆ ಅತ್ತೆಯೇ ಕೈಗೆ ಕೊಡುತ್ತಿದ್ದರು. ಆ ಮಾತ್ರೆ ನುಂಗುವವರು ಸೊಪ್ಪನ್ನು ಒಂದು ದಿನ ರಾಶಿ ತಿಂದು ಇನ್ನೊಂದು ದಿನ ಬಿಡುವ ಹಾಗಿಲ್ಲವಂತೆ. ನಮ್ಮ ಮನೆಯ ಬಸ್ಸಾರಿಗೂ ಒಂದು ಅಳತೆ ಬಂತು. ದೇವರ ದೀಪಕ್ಕೆ ಅತ್ತೆ ಒಂದು ಸ್ಟೂಲ್ ಹಾಕಿಸಿಕೊಂಡರು. ಶೈಲಾ ಹೊರಗಾದ ದಿನ ತಾವೇ ಕೂತು ಹಚ್ಚುತ್ತಿದ್ದರು, ಅದರ ಬಗ್ಗೆ ಯಾರೂ ಏನೂ ಆಡುತ್ತಿರಲಿಲ್ಲ. ಮಗುವಿನ ಮಾತನ್ನು ಆಸ್ಪತ್ರೆಯವರು ಮುಂದಕ್ಕೆ ಹಾಕಿದ್ದರು.

ಎಂಟು ತಿಂಗಳಾಗಿತ್ತು. ಮೇಡಂ ಸೆಂಟರನ್ನು ಬಿಟ್ಟುಕೊಡುವುದೆಂದು ತೀರ್ಮಾನಿಸಿ, ವಹಿಸಿಕೊಳ್ಳುವ ಹೊಸ ಡಾಕ್ಟರಮ್ಮನ ಜೊತೆ ಕೂತು ಕೆಲಸ ಒಪ್ಪಿಸುತ್ತಿದ್ದರು. ಒಂದು ಬೆಳಿಗ್ಗೆ ಮಂಜು ಶೈಲಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನೇರ ಸೆಂಟರಿಗೆ ಬಂದ. ಅವಳ ಕೈ ಬಲಗಡೆ ಪಕ್ಕೆಯ ಕೆಳಗಿತ್ತು.

"ರಾತ್ರಿಯಿಂದ ಹೊಟ್ಟಿ ಬಿಗದೈತ್ರಿ ಅಕ್ಕಾರ," ಎಂದಳು. ಸರದಿಯಲ್ಲಿದ್ದವರನ್ನು ಬಿಟ್ಟು ಅವಳನ್ನು ಒಳಗೆ ಮಲಗಿಸಿದೆ.

ಮೇಡಂ ಮೆಷಿನ್ನಿನ ಗುಂಡು ಕೈಗೆತ್ತಿಕೊಂಡರು. ಎತ್ತಿಕೊಂಡು, ಹಾಗೇ ಹೊಸ ಡಾಕ್ಟರಮ್ಮನ ಕಡೆ ಚಾಚಿದರು.

"ನೀನು ನೋಡು."

"ನಿಮ್ಮ ಪೇಷಂಟ್ ಅಲ್ವಾ ಮೇಡಂ, ನೀವೇ—"

"ಅದಕ್ಕೇ ಹೇಳ್ತಿರೋದು. ನಾನು ನೋಡಿದ್ರೆ ಚೆನ್ನಾಗಿದೆ ಅಂತಲೇ ಕಾಣುತ್ತೆ. ನಂಗೆ ಹಾಗೆ ಕಾಣ್ಬೇಕು ಅಂತಿದೆ. ನೀನು ನೋಡು."

ಹೇಳಿ, ಪರದೆಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ನಿಂತರು. ಎಸಿ ಗುಂಯ್ ಎನ್ನುತ್ತಿತ್ತು. ಉಸಿರು ಹಿಡಿ, ಬಿಡು ಎಂದಳು ಆ ಡಾಕ್ಟರ್ ಹುಡುಗಿ. ನನಗೆ ನೋಡಿದ್ದು ಅರ್ಥವಾಗುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ಮೇಡಂ ಎಡಗೈ ಬಲಭುಜವನ್ನು ಹಿಡಿದುಕೊಂಡಿತ್ತು.

"ಸ್ಟೆಂಟ್ ತೆರೆದೇ ಇದೆ ಮೇಡಂ. ಫ್ಲೋ ಚೆನ್ನಾಗಿದೆ. ನೀರೂ ಇಲ್ಲ." ಆಮೇಲೆ ಅವಳೇ ಶೈಲಾಳಿಗೆ ಕೇಳಿದಳು. "ರಾತ್ರಿ ಏನು ತಿಂದ್ರಿ?"

"ಮಿರ್ಚಿ ಬಜಿ ರೀ," ಎಂದಳು ಶೈಲಾ, ಅಪರಾಧಿಯ ಹಾಗೆ. "ಊರಿಂದ ತಮ್ಮ ಬಂದಿದ್ದ."

ಯಾರೂ ನಗಲಿಲ್ಲ. ನಗಲು ಉಸಿರಿರಲಿಲ್ಲ. ಮೇಡಂ ತಿರುಗಿದರು. ಪರದೆಯನ್ನು ನೋಡಲೇ ಇಲ್ಲ. ಟಿಶ್ಯೂ ಎಳೆದುಕೊಂಡು, ಶೈಲಾಳ ಹೊಟ್ಟೆಯ ಮೇಲಿನ ತಣ್ಣನೆಯ ಜೆಲ್ಲಿಯನ್ನು ತಾವೇ ಒರೆಸತೊಡಗಿದರು. ಅದು ಸೆಂಟರಿನ ಆಯಾಳ ಕೆಲಸ. ಅಷ್ಟು ವರ್ಷದಲ್ಲಿ ಅವರು ಅದನ್ನು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕೆಯ ಸಂದಿನಲ್ಲಿ, ಹೊಕ್ಕುಳ ಸುತ್ತ, ಕೂಸಿಗೆ ಒರೆಸುವ ಹಾಗೆ ಒಂದೂ ಅಂಟಿಲ್ಲದಂತೆ ಒರೆಸಿದರು. ಚೂಡಿದಾರದ ಮೇಲಂಗಿಯನ್ನು ಕೆಳಗೆಳೆದು ಸರಿಮಾಡಿದರು.

"ಏಳಮ್ಮ," ಎಂದರು. ಬಾಗಿಲಲ್ಲಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದ ನನ್ನ ಕಡೆ ತಿರುಗಿ, "ಏನು ನಿಂತಿದೀಯ ಅಲ್ಲಿ? ಹೊರಗೆ ಅಷ್ಟು ಜನ ತಡ್ಕೊಂಡು ಕೂತಿದಾರೆ. ಮುಂದಿನವರನ್ನ ಕಳಿಸು," ಎಂದು ಬೈದರು.